ಗೊಬ್ಬರಗುಂಡಿಯ ಡೈನೋಸಾರ್

ಜೆಸಿಬಿ ಬಂದ ಮೇಲೆ ಮಲೆನಾಡಿನಲ್ಲಿ ಡೈನೋಸಾರ್‌ಗಳ ಸಂತತಿ ಹೆಚ್ಚಿದೆ. ತೋಟದ ಬಸಿಗಾಲುವೆಯಲ್ಲಿ ಕಂದು ಹಲ್ಲೊಂದು ಎದ್ದರೆ ಸಾಕು, ಅದರ ಫೋಟೊ ‘ಡೈನೋಸಾರ್ ಹಲ್ಲು’ ಎಂಬ ಹೆಸರಿನಲ್ಲಿ ಊಟದ ಹೊತ್ತಿಗೆ ತೀರ್ಥಹಳ್ಳಿಯಿಂದ ಸಾಗರ ಮುಟ್ಟಿರುತ್ತದೆ. ಬಿದನೂರು ನಗರದ ಕೋಟೆಯ ಆಸುಪಾಸಿನಲ್ಲಿ ಸಿಕ್ಕಿದ್ದಾದರೆ ಮಾತ್ರ ಶಿವಪ್ಪ ನಾಯಕನ ಕುದುರೆಯದು.

ಶಿವಮೊಗ್ಗದ ‘ಧಾರವಾಡ’ ಎಂಬ ಹೆಸರಿನ ಶಿಲೆಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಸ್ತನಿಗಳು ಹುಟ್ಟಿ ಸುಮಾರು 20 ಕೋಟಿ ವರ್ಷವಾಗಿದೆ, ಅಷ್ಟೇ. ಹಾಗಾಗಿ ಬಂಡೆಯೊಳಗೆ ಹಲ್ಲಿನ ಆಸೆ ಬೇಡ. ಮೇಲಿನ ಜಂಬಿಟ್ಟಿಗೆ ಮಣ್ಣೋ ಹುಳಿ. ಮಳೆಯೂ ಸೇರಿದರೆ ಮೂಳೆ ಕರಗಿಹೋಗುತ್ತದೆ. ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜವೇ ಇರುವ ಎನಾಮೆಲ್, ಅಂದರೆ ಹಲ್ಲಿನ ಗಟ್ಟಿ ಹೊರಕವಚ ಮಾತ್ರ ಹಟ ಹಿಡಿದು ಉಳಿಯುತ್ತದೆ. ಪಳೆಯುಳಿಕೆಯೇ ಬೇಕೆಂದರೆ ಉತ್ತರಕ್ಕೆ ಹೋಗಬೇಕು: ಗೋಕಾಕದ ಬಳಿ ಸಿಕ್ಕ ಖಡ್ಗಮೃಗವನ್ನು ಭೂವಿಜ್ಞಾನಿ ಬ್ರೂಸ್ ಫೂಟ್ 1874ರಲ್ಲೇ ವರ್ಣಿಸಿದ್ದಾರೆ. ನಮ್ಮ ತೋಟದ ಹಲ್ಲಿನ ಕಂದು ಬಣ್ಣಕ್ಕೆ ಮಣ್ಣಿನ ಕಬ್ಬಿಣ ಸಾಕು. ಅಡಿಕೆ ಬೇಯಿಸಿದ ಚೊಗರು ಚೆಲ್ಲುವ ಜಾಗವಾದರೆ ಕೇಳುವುದೇ ಬೇಡ.

‘ಹುಲಿದೇ ಅಲ್ವಾ ಮಾರಾಯ್ರೆ?’ ಅಲ್ಲ. ಹುಲಿಯ ದವಡೆ ಹಲ್ಲು ಕತ್ತರಿಯ ಅಲಗಿನ ಹಾಗೆ. ಮೇಲ್ಮೈ ಚಪ್ಪಟೆಯಾಗಿ, ಹಲ್ಲಿನ ಒಳಭಾಗವಾದ ಕಂದು ಡೆಂಟೀನಿನ ಸುತ್ತ ಎನಾಮೆಲ್ಲಿನ ಬಿಳಿ ಏಣು, ನಡುವೆ ಎರಡು ಅರ್ಧಚಂದ್ರದ ಹಳ್ಳ ಇದ್ದರೆ ಅದು ಮೆಲುಕು ಹಾಕುವ ಪ್ರಾಣಿ. ತೊಂದರೆ ಇರುವುದು ಮುದಿ ದನದ ಹಲ್ಲಿನಲ್ಲಿ. ಸವೆದಂತೆ ಹಳ್ಳಗಳು ಕಿರಿದಾಗಿ ಕೊನೆಗೆ ಮಾಯವಾಗುತ್ತವೆ, ಎತ್ತರವೂ ಇಳಿಯುತ್ತದೆ. ಗಿಡ್ಡ ಹಲ್ಲು ಕಂಡವರು ಕಡವೆ ಎನ್ನುತ್ತಾರೆ. ಆಗ ಪಕ್ಕ ತಿರುಗಿಸಿ ನೋಡಬೇಕು. ಹಲ್ಲಿನ ಎರಡು ಹಾಲೆಗಳ (ಉಬ್ಬಿದ ಭಾಗಗಳ) ಸಂದಿಯಲ್ಲಿ ಸಣ್ಣ ಕಂಬವೊಂದು ಬುಡದಿಂದ ಮೇಲಿನವರೆಗೆ ಎದ್ದು, ಸವೆದ ಮೇಲ್ಮೈಯಲ್ಲಿ ಕುಣಿಕೆಯಾಗಿ ಕಂಡರೆ ದನದ ಜಾತಿ. ಕಡವೆಯಲ್ಲಿ ಆ ಕಂಬ ಗಿಡ್ಡ. ಕುರಿ, ಮೇಕೆಗಳಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಮೇಲ್ದವಡೆಯದು ಚೌಕ, ಬೇರು ಮೂರು. ಕೆಳಗಿನದು ಕಿರಿದು, ಬೇರು ಎರಡು. ಕೆಳದವಡೆಯ ಕೊನೆಯ ಹಲ್ಲಿಗೆ ಮೂರನೆಯದೊಂದು ಪುಟ್ಟ ಹಾಲೆ ಬಾಲದಂತೆ ಅಂಟಿರುತ್ತದೆ. ದನದಲ್ಲಿ ಅದರ ಉದ್ದ ಸುಮಾರು 35ರಿಂದ 40 ಮಿ.ಮೀ. ದನವೋ ಎಮ್ಮೆಯೋ ಎಂದು ಸವೆದ ಒಂದೇ ಹಲ್ಲು ನೋಡಿ ಅಡ್ಡಗೆರೆ ಎಳೆದಂತೆ ಹೇಳುವವರನ್ನು ನಂಬಬೇಡಿ.

ಸವೆದ ಹಂದಿ ಹಲ್ಲು ಇನ್ನೂ ಅಪಾಯಕಾರಿ. ಅದರ ಗುಬ್ಬಿಗಳು ಸಮತಟ್ಟಾದರೆ ಮನುಷ್ಯನದೇ ಅನ್ನಿಸಿ, ಊರಿಗೆ ಪೊಲೀಸರೂ ಬರಬಹುದು. ಇದರಲ್ಲಿ ದೊಡ್ಡವರೂ ಎಡವಿದ್ದಾರೆ. ಅಮೆರಿಕದ ನೆಬ್ರಾಸ್ಕದಲ್ಲಿ ಸಿಕ್ಕ ಒಂದು ಸವೆದ ಹಲ್ಲನ್ನು ನ್ಯೂಯಾರ್ಕಿನ ವಸ್ತುಸಂಗ್ರಹಾಲಯದ ಅಧ್ಯಕ್ಷ ಹೆನ್ರಿ ಆಸ್ಬಾರ್ನ್ 1922ರಲ್ಲಿ ಹೊಸ ವಾನರನದೆಂದು ಸಾರಿ, ಲ್ಯಾಟಿನ್ ಹೆಸರನ್ನೂ ಇಟ್ಟರು. ಪತ್ರಿಕೆಯೊಂದು ಆ ಹಲ್ಲಿಗೆ ಗಂಡ ಹೆಂಡಿರ ಚಿತ್ರವನ್ನೇ ಬರೆಸಿತು. 1927ರಲ್ಲಿ ಅದು ಹಂದಿಯ ದೂರದ ನೆಂಟ ಪೆಕ್ಕರಿಯದೆಂದು ಒಪ್ಪಿಕೊಳ್ಳಬೇಕಾಯಿತು. ನಮ್ಮ ವಾಟ್ಸಾಪ್ ಪಂಡಿತರಾದರೂ ಮರುದಿನವೇ ಮರೆತುಬಿಡುತ್ತಾರೆ.

ಹಳೆಯದೋ ಹೊಸದೋ ನೋಡಲು ಕಾಯಿಸಿದ ಸೂಜಿಯ ತುದಿಯನ್ನು ಬೇರಿಗೆ ತಾಗಿಸುತ್ತಾರೆ. ಕೂದಲು ಸುಟ್ಟ ವಾಸನೆ ಬಂದರೆ ಕೊಲಾಜೆನ್ ಎಂಬ ಪ್ರೋಟೀನ್ ಇನ್ನೂ ಇದೆ. ಬರದಿದ್ದರೆ ಪಳೆಯುಳಿಕೆ ಎಂದು ಕುಣಿಯಬೇಡಿ, ಹುಳಿಮಣ್ಣೇ ಅದನ್ನು ತಿಂದಿರಬಹುದು. ವಿನಿಗರ್‌ನಲ್ಲಿ ನೆನೆಹಾಕಿದರೆ ಎನಾಮೆಲ್ ಹಾಳು. ಒದ್ದೆ ಹಲ್ಲನ್ನು ಅಡಿಕೆ ಜೊತೆ ಅಂಗಳದ ಬಿಸಿಲಿಗೆ ಹಾಕಿದರೆ ಸೀಳುತ್ತದೆ. ಮೆತ್ತನೆ ಬ್ರಷ್, ನೀರು, ನೆರಳು ಸಾಕು. ಸಿಕ್ಕ ಜಾಗ, ಆಳ ಬರೆದಿಡಿ. ತಾಜಾ ಕಾಟಿ (ಕಾಡುಕೋಣ) ಹಲ್ಲೇನಾದರೂ ಆಗಿದ್ದರೆ ಷೋಕೇಸಿಗಲ್ಲ, ಅರಣ್ಯ ಇಲಾಖೆಗೆ. 1972ರ ವನ್ಯಜೀವಿ ಕಾಯ್ದೆ ಹಲ್ಲಿಗೂ ಅನ್ವಯ.

ತಜ್ಞರಿಗೆ ಕಳಿಸುವ ಫೋಟೊದಲ್ಲಿ ಐದು ರೂಪಾಯಿ ನಾಣ್ಯ ಬೇಡ, ಮಿ.ಮೀ. ಗುರುತಿನ ಸ್ಕೇಲ್ ಇರಲಿ. ಜಗಿಯುವ ಮೇಲ್ಮೈ, ನಾಲ್ಕು ಪಕ್ಕ, ಬೇರು, ಎಲ್ಲವೂ ಬೇಕು. ಅಷ್ಟರಲ್ಲಿ ಮನೆಯಲ್ಲಿ ಪೂಜೆ ಆಗಿಬಿಟ್ಟಿದ್ದರೆ ಅರಿಶಿನ ಕುಂಕುಮ ತೊಳೆದು ತೆಗೆಯಿರಿ. ನೋಡಬೇಕಾದ ಹಳ್ಳಗಳಲ್ಲೇ ಅದು ಹೋಗಿ ಕೂತಿರುತ್ತದೆ.