ಸಕಲಗುಣಸಂಪನ್ನ ಸೈಕಲ್ಲೂ ಒಂದು ಬಳೆಯೂ

ಸ್ಟೀಲ್ ಫ್ರೇಮ್ ತಂದು ಗ್ರಾವೆಲ್ ಸೈಕಲ್ ಕಟ್ಟಲು ಕೂತವರ ಬಾಯಲ್ಲಿ ಶುರುವಿಗೆ ಬರುವುದು ಒಂದೇ ಮಾತು: "ಇದೊಂದು ಆಗಿಬಿಟ್ಟರೆ ಸಾಕು, ಜನ್ಮಕ್ಕೆ ಇನ್ನೊಂದು ಸೈಕಲ್ ಬೇಡ." ಡಾಂಬರು ರಸ್ತೆಗೂ ಇದೇ, ಜಲ್ಲಿ ಹಾದಿಗೂ ಇದೇ, ದಿನಾ ಕೆಲಸಕ್ಕೆ ಹೋಗಲೂ ಇದೇ, ಗಂಟುಮೂಟೆ ಕಟ್ಟಿಕೊಂಡು ವಾರಗಟ್ಟಲೆ ತಿರುಗಲೂ ಇದೇ. ಮಾತೇನೋ ಸುಳ್ಳಲ್ಲ. ಆದರೆ ಎಲ್ಲದಕ್ಕೂ ಒಗ್ಗುವ ಈ ಸೈಕಲ್ಲಿನ ಬಿಡಿಭಾಗಗಳು ಒಂದಕ್ಕೊಂದು ಒಗ್ಗುವುದಿಲ್ಲ. ಹ್ಯಾಂಡಲ್ ರೋಡ್ ಸೈಕಲ್ ಕಡೆಯದು, ಟೈರು ಮೌಂಟನ್ ಸೈಕಲ್ ಕಡೆಯದು, ಕ್ಯಾರಿಯರ್ ಟೂರಿಂಗ್ ಕಡೆಯದು. ಮೂರು ಕಡೆಯವರೂ ಅವರವರ ಅಳತೆಪಟ್ಟಿ ಹಿಡಿದೇ ಬಂದಿರುತ್ತಾರೆ. ಬಣ್ಣ ಆರಿಸಲು ಮೂರು ತಿಂಗಳು ತಗೊಂಡ ಸೈಕಲ್ ಕೊನೆಗೆ ಸ್ಟ್ಯಾಂಡಿನಲ್ಲಿ ನೇತಾಡುತ್ತ ಕಾಯುವುದು 1.85 ಮಿ.ಮೀ. ದಪ್ಪದ ಒಂದು ಬಳೆಗೆ. ಆ ಬಳೆಯ ಕತೆ ಅದರ ಜಾಗ ಬಂದಾಗ.

ಇದು ಯಾವ ಸ್ಟೀಲೆಂದು ಸಾರುತ್ತ ಫ್ರೇಮಿನ ಮೇಲೆ ಅಂಟಿಸಿದ ಸ್ಟಿಕ್ಕರಿನ ಬಗ್ಗೆ ನಡೆಯುವ ಜಗಳವನ್ನು ಇಲ್ಲೇ ಮುಗಿಸಿಬಿಡಬಹುದು. 4130 ಕ್ರೋಮೋಲಿ ಇರಲಿ, ರೆನಾಲ್ಡ್ಸ್ 853 ಇರಲಿ, ಎಲ್ಲ ಸ್ಟೀಲಿನ ಬಿಗುವು (ಬಾಗದೆ ನಿಲ್ಲುವ ಗುಣ) ಹೆಚ್ಚುಕಮ್ಮಿ ಒಂದೇ. ಗಟ್ಟಿ ಮಿಶ್ರಲೋಹವಾದರೆ ಕೊಳವೆಯ ಗೋಡೆಯನ್ನು ಇನ್ನಷ್ಟು ತೆಳ್ಳಗೆ ಎಳೆಯಬಹುದು, ಒಂದಿಷ್ಟು ಗ್ರಾಂ ಉಳಿಯುತ್ತದೆ, ಅಷ್ಟೆ. ಉಳಿಸಿದ ಆ ಗ್ರಾಮುಗಳು ಆಮೇಲೆ ಎಲ್ಲಿಗೆ ಹೋಗುತ್ತವೆ ಅನ್ನುವುದೂ ಮುಂದೆ ಬರುತ್ತದೆ.

ಮೊದಲು ಆರಿಸಬೇಕಾದ್ದು ಟೈರು. ಸೈಕಲ್ ಟೈರಿನ ಅಳತೆ ಲೆಕ್ಕದ ಮೇಷ್ಟರಿಗೆ ತೋರಿಸುವಂಥದ್ದಲ್ಲ. 28 ಇಂಚಿನ ಟೈರು ಕೂರುವ ರಿಮ್ಮು 27 ಇಂಚಿನದಕ್ಕಿಂತ ಚಿಕ್ಕದು: ಒಂದು 622 ಮಿ.ಮೀ., ಇನ್ನೊಂದು 630. 700ಸಿ ಅಂದರೂ 622, 29 ಇಂಚು ಅಂದರೂ ಅದೇ 622. 27.5 ಇಂಚು ಅಂದರೆ ಇದ್ದಕ್ಕಿದ್ದಂತೆ 584ಕ್ಕೆ ಬಿದ್ದುಹೋಗುತ್ತದೆ. ಅದಕ್ಕೆ 650ಬಿ ಅಂತ ಇನ್ನೊಂದು ಹೆಸರು ಬೇರೆ. ಟೈರಿನ ಮಗ್ಗುಲಲ್ಲಿ ಸಣ್ಣಕ್ಷರದಲ್ಲಿ 40-622 ಅಂತ ಅಚ್ಚಾಗಿರುತ್ತದಲ್ಲ, ನಂಬಬೇಕಾದ್ದು ಅದನ್ನು. ಅದರಲ್ಲೂ 622 ಪೂರಾ ನಿಜ, ಅಗಲ ಹೇಳುವ 40 ಮುಕ್ಕಾಲು ನಿಜ. ಒಳ ಅಗಲ 25 ಮಿ.ಮೀ. ಇರುವ ರಿಮ್ಮಿಗೆ ಹಾಕಿ ಗಾಳಿ ತುಂಬಿ ನಾಲ್ಕು ದಿನ ಬಿಟ್ಟರೆ ಅದೇ ಟೈರು 42 ಆಗಿ ಕೂತಿರುತ್ತದೆ.

"ನನ್ನ ಫ್ರೇಮಿಗೆ 45ರ ತನಕ ಹೋಗುತ್ತದೆ" ಅನ್ನುವವರು ಮಡ್‌ಗಾರ್ಡ್ ಹಾಕಿ ಹೇಳುತ್ತಿದ್ದಾರೋ ಹಾಕದೆ ಹೇಳುತ್ತಿದ್ದಾರೋ ಕೇಳಿಕೊಳ್ಳಿ. ಹಾಕಿದರೆ 38–40ಕ್ಕೆ ಇಳಿಯಬೇಕಾಗುತ್ತದೆ, ಏಕೆಂದರೆ ಮಡ್‌ಗಾರ್ಡ್ ಟೈರಿಗಿಂತ ಕನಿಷ್ಠ 8–10 ಮಿ.ಮೀ. ಅಗಲವಿರಬೇಕು. ಜಾಗ ಸಾಕೋ ಇಲ್ಲವೋ ನೋಡಲು ಉಪಕರಣವೇನೂ ಬೇಡ. 6 ಮಿ.ಮೀ. ಅಲೆನ್ ಕೀಯನ್ನು ಟೈರಿಗೂ ಫ್ರೇಮಿಗೂ ನಡುವೆ ಸುತ್ತಲೂ ಆಡಿಸಿ. ಎಲ್ಲೂ ಸಿಕ್ಕದೆ ಓಡಿದರೆ ಸರಿ. ಸಿಕ್ಕಿದ ಕಡೆ ಮೊದಲ ಕೆಸರು ಸವಾರಿಯಲ್ಲೇ ಮರಳು ಸೇರಿಕೊಂಡು, ಉಪ್ಪುಕಾಗದ ಹಾಕಿ ತಿಕ್ಕಿದ ಹಾಗೆ ಬಣ್ಣ ಕೆರೆದು, ಲೋಹ ಕಾಣಿಸುತ್ತದೆ. ಸ್ಟೀಲಿಗೆ ಮುಂದಿನದನ್ನು ಯಾರೂ ಹೇಳಿಕೊಡಬೇಕಿಲ್ಲ. ದೊಡ್ಡ ಟೈರು, ಮಡ್‌ಗಾರ್ಡು, ಚಿಕ್ಕ ಫ್ರೇಮು ಮೂರೂ ಕೂಡಿದರೆ ಇನ್ನೊಂದು ಪ್ರಸಂಗ ಉಚಿತ: ನಿಧಾನವಾಗಿ ತಿರುಗುವಾಗ ಶೂ ತುದಿ ಮುಂದಿನ ಚಕ್ರಕ್ಕೆ ಬಡಿಯುತ್ತದೆ. ವೇಗದಲ್ಲಿ ಹ್ಯಾಂಡಲ್ ಅಷ್ಟು ತಿರುಗುವುದೇ ಇಲ್ಲ. ಹಾಗಾಗಿ ಬೀಳುವುದು ಯಾವಾಗಲೂ ನಡಿಗೆಯ ವೇಗದಲ್ಲಿ, ನಾಲ್ಕು ಜನ ನೋಡುತ್ತಿರುವ ಕಡೆಯಲ್ಲಿ.

ಬಾಟಮ್ ಬ್ರಾಕೆಟ್ (ಪೆಡಲಿನ ಅಚ್ಚು ತಿರುಗುವ ಬೇರಿಂಗಿನ ಜಾಗ) 68 ಮಿ.ಮೀ. ಅಗಲದ, ಥ್ರೆಡ್ ಇರುವ ಬಿಎಸ್‌ಎ ಮಾದರಿಯದಾದರೆ ಅರ್ಧ ತಲೆನೋವು ಕಮ್ಮಿ. ಉಳಿದರ್ಧ ತಿರುಗಿಸುವ ದಿಕ್ಕಿನದು. ಬಲಗಡೆಯ ಕಪ್ಪಿಗೆ (ಬೇರಿಂಗ್ ಕೂತ ಬಟ್ಟಲಿಗೆ) ಉಲ್ಟಾ ಥ್ರೆಡ್ಡು, ಪೆಡಲಿನಲ್ಲಿ ಎಡಗಡೆಯದಕ್ಕೆ ಉಲ್ಟಾ. ಎಡ ಬಲ ಮರೆತುಬಿಡಿ. ಸ್ಪ್ಯಾನರಿನ ಹಿಡಿ ಮೇಲ್ಮುಖವಾಗಿದ್ದಾಗ ಪೆಡಲುಗಳನ್ನು ಮುಂದಿನ ಚಕ್ರದ ಕಡೆಗೆ ಎಳೆದರೆ ಬಿಗಿ, ಕಪ್ಪುಗಳನ್ನು ಹಿಂದಿನ ಚಕ್ರದ ಕಡೆಗೆ ಎಳೆದರೆ ಬಿಗಿ. ಯಾವ ಮಗ್ಗುಲಲ್ಲಿ ನಿಂತರೂ ಇದೇ. ಮೊದಲ ಮೂರು ಸುತ್ತು ಬರಿಗೈಯಲ್ಲೇ ಹೋಗಬೇಕು. ಹೋಗದಿದ್ದರೆ ಹೊಸ ಫ್ರೇಮಿನ ಥ್ರೆಡ್ಡಿನೊಳಗೆ ಪೇಂಟು ಕೂತಿದೆ ಅಂತ, ಟ್ಯಾಪ್ ಹೊಡೆಸಿ ಥ್ರೆಡ್ಡು ಬಿಡಿಸಬೇಕು. "ಸ್ವಲ್ಪ ಬಲ ಹಾಕಿದರೆ ಹೋಗುತ್ತದೆ" ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಸ್ಪ್ಯಾನರನ್ನು ಆ ಮಹಾಶಯರ ಕೈಯಿಂದ ಇಸಿದುಕೊಳ್ಳುವುದು ಕ್ಷೇಮ.

ಗೇರಿನಲ್ಲಿ ಪಕ್ಷಭೇದವಿದೆ. ಮುಂದೆ ಒಂದೇ ಚೈನ್‌ರಿಂಗ್ (ಪೆಡಲಿನ ಬಳಿಯ ಹಲ್ಲುಚಕ್ರ) ಸಾಕೆನ್ನುವವರದು 40 ಹಲ್ಲು, ಹಿಂದೆ 11-42, ಅಂದರೆ 11ರಿಂದ 42 ಹಲ್ಲಿನ ತನಕದ ಚಕ್ರಗಳು. ಎರಡು ಬೇಕೆನ್ನುವವರದು 46/30, ಹಿಂದೆ 11-34. ಮುಂದಿನ ಹಲ್ಲನ್ನು ಹಿಂದಿನದರಿಂದ ಭಾಗಾಕಾರ ಮಾಡಿ ನೋಡಿದರೆ ಅತಿ ಹಗುರದ ಗೇರು ಮೊದಲನೆಯದರಲ್ಲಿ 0.95, ಎರಡನೆಯದರಲ್ಲಿ 0.88, ಭಾರದ ಕಡೆ 3.64 ಮತ್ತು 4.18. ಒಂದೇ ಸೈಕಲ್ ಎಲ್ಲವನ್ನೂ ಮಾಡಬೇಕು ಅಂದಮೇಲೆ ಎರಡು ರಿಂಗೇ ಸರಿ ಎಂದು ನನ್ನ ತೀರ್ಪು. ಲಗೇಜು ಹೇರಿಕೊಂಡು ಏರಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ 0.88ರಲ್ಲಿ ಗಂಟೆಗೆ ಸುಮಾರು 7 ಕಿ.ಮೀ. ಸಾಗುತ್ತದೆ. ಅದಕ್ಕಿಂತ ನಿಧಾನವಾದರೆ ಇಳಿದು ತಳ್ಳುವುದೇ ಮರ್ಯಾದೆ.

ಅಲ್ಲೊಂದು ಇಲ್ಲೊಂದು ಹೆಕ್ಕಿ ತಂದು ಜೋಡಿಸುವವರು ಜಾರುವುದು ಕೇಬಲ್ಲಿನಲ್ಲಿ. ಶಿಮಾನೋ ಕಂಪನಿಯ ಹಳೆಯ 10 ಸ್ಪೀಡ್ (ಹಿಂದೆ 10 ಹಲ್ಲುಚಕ್ರದ) ರೋಡ್ ಶಿಫ್ಟರ್‌ಗೆ 10 ಸ್ಪೀಡ್ ಮೌಂಟನ್ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಕೂಡುವುದಿಲ್ಲ, 9 ಸ್ಪೀಡಿನದು ಕೂಡುತ್ತದೆ! ಒಂದು ಕ್ಲಿಕ್ಕಿಗೆ ಎಷ್ಟು ಕೇಬಲ್ ಎಳೆಯಬೇಕು ಎಂಬುದರಲ್ಲಿ ಎರಡೂ 10ಗಳಿಗೆ ಒಮ್ಮತವಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಚೈನು ಯಾವ ಹಲ್ಲಿಗೂ ಸೇರದೆ ಕರಕರ ಅನ್ನುತ್ತಿರುತ್ತದೆ. ಕೇಬಲ್ ಎಳೆಯುವ ಡಿಸ್ಕ್ ಬ್ರೇಕಿನದೂ ಇದೇ ರಾಗ. ರೋಡ್ ಲಿವರಿಗೆ ಒಂದು ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಭಾಗ), ಮೌಂಟನ್ ಲಿವರಿಗೆ ಇನ್ನೊಂದು, ನೋಡಲು ಅವಳಿಜವಳಿ. ರೋಡ್ ಲಿವರಿಗೆ ಮೌಂಟನ್ ಕ್ಯಾಲಿಪರ್ ಹಾಕಿದರೆ ಲಿವರ್ ಹ್ಯಾಂಡಲಿಗೆ ತಾಗುವ ತನಕ ಬರುತ್ತದೆ, ಸೈಕಲ್ ಮಾತ್ರ ನಿಲ್ಲುವುದಿಲ್ಲ.

ಈಗ ಆ ಬಳೆ. 11 ಸ್ಪೀಡ್ ರೋಡ್ ಕ್ಯಾಸೆಟ್‌ಗೆಂದು ಮಾಡಿದ ಫ್ರೀಹಬ್ (ಹಿಂದಿನ ಹಲ್ಲುಚಕ್ರಗಳ ಗೊಂಚಲಾದ ಕ್ಯಾಸೆಟ್ ಕೂರುವ ಕೊಳವೆ), 8-9-10 ಸ್ಪೀಡಿನದಕ್ಕಿಂತ 1.85 ಮಿ.ಮೀ. ಉದ್ದ. ಅದರ ಮೇಲೆ 10 ಸ್ಪೀಡ್ ಕ್ಯಾಸೆಟ್ ಏರಿಸಿ, ಲಾಕ್‌ರಿಂಗನ್ನು ಹೇಳಿದಷ್ಟೇ, ಅಂದರೆ 40 ನ್ಯೂಟನ್ ಮೀಟರ್, ಬಿಗಿ ಮಾಡಿ, ದೊಡ್ಡ ಹಲ್ಲುಚಕ್ರವನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರೆ ಕಟಕಟ. ಮತ್ತೆ ಬಿಗಿ ಮಾಡಿದರೂ ಕಟಕಟ. ಲಾಕ್‌ರಿಂಗ್ ಒತ್ತಿಕೊಂಡಿರುವುದು ಫ್ರೀಹಬ್ಬಿನ ತುದಿಯನ್ನೇ ಹೊರತು ಕ್ಯಾಸೆಟ್ಟನ್ನಲ್ಲ. ದೊಡ್ಡ ಹಲ್ಲುಚಕ್ರದ ಹಿಂದೆ, ಎಲ್ಲಕ್ಕಿಂತ ಮೊದಲು, ಆ ಬಳೆ ಕೂರಬೇಕಿತ್ತು. ಶಿಮಾನೋದ 11 ಸ್ಪೀಡಿನ 11-34 ಕ್ಯಾಸೆಟ್ಟಿಗೂ ಅದು ಬೇಕು. 11ಕ್ಕೆ 11 ತಾನೇ ಅಂದುಕೊಂಡವರು ಸಿಕ್ಕಿಬೀಳುವುದು ಇಲ್ಲೇ. ಬಳೆ ಬಂದೇ ಇರುತ್ತದೆ, ಹಬ್ಬಿನ ಅಥವಾ ಕ್ಯಾಸೆಟ್ಟಿನ ಡಬ್ಬಿಯ ತಳದಲ್ಲಿ, ಉಗುರಿನಲ್ಲಿ ಕೆದಕಿದರೆ ಮಾತ್ರ ಬಿಡುವ ಪ್ಲಾಸ್ಟಿಕ್ ಚೀಲದೊಳಗೆ. ಡಬ್ಬಿ ಹಿಂದಿನ ದಿನವೇ ರದ್ದಿಗೆ ಹೋಗಿರುತ್ತದೆ.

ಸೀಟ್‌ಪೋಸ್ಟಿನ ವಿಷಯ ಚಿಕ್ಕದು, ಆದರೆ ಮರೆತರೆ ಗರಗಸವೇ ಗತಿ. ಸ್ಟೀಲ್ ಫ್ರೇಮಿಗೆ ಸಾಮಾನ್ಯವಾಗಿ 27.2 ಮಿ.ಮೀ. 27.0 ಕೂಡ ಸಲೀಸಾಗಿ ಒಳಗೆ ಹೋಗುತ್ತದೆ, ಆಮೇಲೆ ಸವಾರರ ಸಮೇತ ನಿಧಾನವಾಗಿ ಕೆಳಕ್ಕೂ ಇಳಿಯುತ್ತದೆ. ಅಲ್ಯೂಮಿನಿಯಂ ಪೋಸ್ಟಿಗೆ ಗ್ರೀಸ್ ಸವರದೆ ತೂರಿಸಿ ಎರಡು ಮಳೆಗಾಲ ಬಿಟ್ಟರೆ ಎರಡು ಲೋಹಗಳ ನಡುವೆ ನೀರು ಸೇರಿ, ಅಲ್ಯೂಮಿನಿಯಂ ತುಕ್ಕು ಉಬ್ಬಿ, ಪೋಸ್ಟು ಫ್ರೇಮಿಗೇ ಬೆಸೆದುಹೋಗುತ್ತದೆ. ಆರು ತಿಂಗಳಿಗೊಮ್ಮೆ ಎತ್ತರಕ್ಕೆ ಟೇಪ್ ಸುತ್ತಿ ಗುರುತು ಮಾಡಿ, ಎಳೆದು, ಒರೆಸಿ, ಗ್ರೀಸ್ ಹಚ್ಚಿ. ಬಾಟಮ್ ಬ್ರಾಕೆಟ್ಟಿನ ಅಡಿಯಲ್ಲಿರುವ ಸಣ್ಣ ತೂತು ಒಳಗಿನ ನೀರು ಹೊರಗೆ ಹೋಗಲೆಂದು ಬಿಟ್ಟದ್ದು. ಯಾರೋ ಸ್ಕ್ರೂ ಹಾಕಲು ಮರೆತರೆಂದು ಅದನ್ನು ಎಂಸೀಲ್‌ನಿಂದ ಮುಚ್ಚುವ ಉಪಕಾರ ಬೇಡ.

ಟ್ಯೂಬ್‌ಲೆಸ್ ಮಾಡುವವರು ರಿಮ್ಮಿನ ಒಳ ಅಗಲಕ್ಕಿಂತ 2–4 ಮಿ.ಮೀ. ಜಾಸ್ತಿ ಅಗಲದ ಟೇಪ್ ತನ್ನಿ. 40ರ ಟೈರಿಗೆ ಸೀಲಂಟ್ (ತೂತು ಮುಚ್ಚುವ ದ್ರವ) ಸುಮಾರು 60 ಮಿ.ಲೀ. ವಾಲ್ವಿನ ಒಳತಿರುಳು ಬಿಚ್ಚಿ ಅದರ ಮೂಲಕ ಹೊಯ್ಯಬೇಕು. ಹೊಯ್ಯುವಾಗ ವಾಲ್ವು ಗಡಿಯಾರದ 4ರ ಜಾಗದಲ್ಲಿರಲಿ, 6ರಲ್ಲಿದ್ದರೆ ಒಳಗೆ ಹೋದದ್ದು ಹಾಗೇ ವಾಪಸು ಬರುತ್ತದೆ. ಇದನ್ನು ಕಾರ್ಪೆಟ್ ಇಲ್ಲದ ಕಡೆ ಮಾಡಿ.

ಇನ್ನು ಮೂಗಿಗಿಂತ ಮೂಗುತಿ ಭಾರದ ಹಂತ. ಫ್ರೇಮಿನಲ್ಲಿ 300 ಗ್ರಾಂ ಉಳಿಸಲು ವಾರಗಟ್ಟಲೆ ತಲೆಕೆಡಿಸಿಕೊಂಡವರೇ ಅದಕ್ಕೆ ಕ್ಯಾರಿಯರ್, ಮಡ್‌ಗಾರ್ಡ್, ಒಂದೂವರೆ ಕಿಲೋ ಬೀಗ, ಮೂರು ಬಾಟಲಿ ಹೇರುತ್ತಾರೆ. ಹೇರಲಿ, ಸ್ಟೀಲ್ ಇರುವುದೇ ಅದಕ್ಕೆ. ಕ್ಯಾರಿಯರಿನ ಎಂ5 (5 ಮಿ.ಮೀ.) ಬೋಲ್ಟನ್ನು ಮಾತ್ರ ಕಣ್ಣಿಟ್ಟು ನೋಡಿ. ಬಲಗಡೆಯದು ಉದ್ದವಾಗಿ ಒಳಗೆ 3 ಮಿ.ಮೀ. ಚಾಚಿದ್ದರೆ, ಚೈನು 11ರ ಹಲ್ಲಿಗೆ ಇಳಿದಾಗ ಮಾತ್ರ ಅದಕ್ಕೆ ತಾಗಿ ಟಿಕ್ ಟಿಕ್ ಅನ್ನುತ್ತದೆ. ಸ್ಟ್ಯಾಂಡಿನಲ್ಲಿ ಗೇರು ಹೊಂದಿಸಿದ್ದು ಕ್ಯಾರಿಯರ್ ಹಾಕುವ ಮುಂಚೆ, ಆದ್ದರಿಂದ ಆಗ ಸದ್ದಿರಲಿಲ್ಲ. ಸದ್ದು ಹುಡುಕುತ್ತ ಜನ ಡಿರೇಲರ್ ತಿರುಪು, ಕೇಬಲ್, ಬೇರಿಂಗ್ ಎಲ್ಲವನ್ನೂ ಬದಲಿಸಿ ನೋಡುತ್ತಾರೆ. ಬೋಲ್ಟಿನ ತಲೆಯಡಿ, ಹೊರಗಡೆಯಿಂದ, ಎರಡು ವಾಷರ್ ಹಾಕಿದರೆ ತುದಿ ಅಷ್ಟು ಹಿಂದೆ ಸರಿಯುತ್ತದೆ. ಪೆಟ್ಟಿಗೆಯಲ್ಲಿ ಎಂ5 ವಾಷರ್ ಹುಡುಕುವಾಗ, ರದ್ದಿಗೆ ಹೋಯಿತೆಂದುಕೊಂಡು ಬದಲಿಗೆ ಹೊಸದು ತರಿಸಿದ್ದ ಆ 1.85ರ ಹಳೆಯ ಬಳೆ ಸಿಕ್ಕೇ ಸಿಗುತ್ತದೆ.