ಯಾರ ಪೈಕಿ ನೀವು?

ನನಗೀಗ 56. ಪುಣೆಯ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ 31 ವರ್ಷ ಕಳೆದಿದ್ದೇನೆ. 58 ತುಂಬಿದರೆ ನಿವೃತ್ತಿ. ಭವಿಷ್ಯನಿಧಿ ಎಷ್ಟು, ಪಿಂಚಣಿ ಎಷ್ಟು, ಆರೋಗ್ಯ ವಿಮೆಗೆ ಎಷ್ಟು ಎಂಬುದನ್ನೆಲ್ಲ ವಹಿಯಲ್ಲಿ ಬರೆದಿಟ್ಟಾಗಿದೆ. ಹಣದ ಲೆಕ್ಕ ನನ್ನ ಕಸುಬು, ಕಷ್ಟವಾಗಲಿಲ್ಲ. ಆದರೆ ನಿವೃತ್ತಿಯಾದ ಮೇಲೆ ಬೆಳಗ್ಗೆ ಎದ್ದು ಯಾರಿಗಾಗಿ ಅಂಗಿ ತೊಡಬೇಕು ಎಂಬುದೇ ಹೊಳೆಯದೆ ಕಳವಳಗೊಂಡಿದ್ದೇನೆ.

ನಮ್ಮಪ್ಪ ಗದಗ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರು. 1998ರಲ್ಲಿ ನಿವೃತ್ತರಾದರು. ಆಗ ರಾಜ್ಯ ಸರ್ಕಾರಿ ನೌಕರರಿಗೂ 58ಕ್ಕೇ ನಿವೃತ್ತಿ. ಅದು 60 ಆದದ್ದು 2008ರಲ್ಲಿ. ಶಾಲು, ಹಾರ, ಫೋಟೊ ಎಲ್ಲ ಮುಗಿದ ಮರುದಿನವೇ ನಮ್ಮ ಕಟ್ಟೆಯ ಮೇಲೆ ಮೂವರು ಬಂದು ಕೂತಿದ್ದರು. ಒಬ್ಬರ ಕೈಯಲ್ಲಿ ಹೊಲದ ಉತಾರ, ಊರ ಸಹಕಾರಿ ಸೊಸೈಟಿಯ ಸಾಲಕ್ಕೆ ಅರ್ಜಿ ಬರೆಸಬೇಕು. ಇನ್ನೊಬ್ಬರಿಗೆ ಮಗಳ ಲಗ್ನಪತ್ರಿಕೆಯ ಒಕ್ಕಣೆ ಬೇಕು. ಮೂರನೆಯವರು ಸುಮ್ಮನೆ ಚಹಾಕ್ಕೆ ಬಂದವರು. ತೀರಿಕೊಳ್ಳುವ ತನಕ ಊರಿಗೆ ಅವರು ಮಾಸ್ತರರೇ. ಹೆಸರಿನ ಹಿಂದೆ ‘ನಿವೃತ್ತ’ ಎಂದು ಯಾರೂ ಸೇರಿಸಲಿಲ್ಲ.

ಪುಣೆಯಲ್ಲಿ ನನ್ನ ಮೇಲಧಿಕಾರಿಯಾಗಿದ್ದವರೊಬ್ಬರು ನಿವೃತ್ತರಾದ ಆರು ತಿಂಗಳಿಗೆ ಫೋನ್ ಮಾಡಿ, “ಯಾವುದಾದರೂ ಕಡತವಿದ್ದರೆ ಮನೆಗೆ ಕಳಿಸಿ, ನೋಡಿಕೊಡುತ್ತೇನೆ” ಎಂದರು. ಆ ದನಿ ಇನ್ನೂ ಕಿವಿಯಲ್ಲಿದೆ. ಅವರಿದ್ದ ಕಟ್ಟಡದಲ್ಲಿ ಅವರನ್ನು ಹುಡುಕಿಕೊಂಡು ಬರುವವರು ಯಾರೂ ಇರಲಿಲ್ಲ.

ಹಾಗೆಂದು ಪುಣೆಯನ್ನು ಹಗುರವಾಗಿ ಕಾಣಲಾರೆ. ಇಲ್ಲಿ ಎಷ್ಟೋ ಬಡಾವಣೆಗಳಲ್ಲಿ ಜ್ಯೇಷ್ಠ ನಾಗರಿಕ ಸಂಘಗಳಿವೆ, ಹಿರಿಯರು ಕೂಡುವ ವಿರಂಗುಳಾ ಕೇಂದ್ರಗಳಿವೆ. ನಮ್ಮ ಓಣಿಯ ಸಂಘದ ಹಿರಿಯಾಕೆಯೊಬ್ಬರು ನನಗೆ, “ಎರಡು ವರ್ಷ ಮೊದಲೇ ಬಾ. ಆಮೇಲೆ ಬಂದರೆ ಬರೀ ಬೇಸರ ಕಳೆಯಲು ಬಂದವನಾಗುತ್ತೀಯ” ಎಂದರು. ಇಂಥ ಮುಂದಾಲೋಚನೆಯನ್ನು ನಮ್ಮ ಕಡೆ ನಾನು ಕಂಡಿಲ್ಲ. ಇನ್ನೊಂದು ಮಾತನ್ನೂ ಹೇಳಲೇಬೇಕು. ಅಪ್ಪನ ಕಟ್ಟೆಗೆ ಚಹಾ ಒಳಗಿನಿಂದ ಬರುತ್ತಿತ್ತು. ಅವ್ವನಿಗೂ 58 ಆಯಿತು, 70 ಆಯಿತು. ಶಾಲು ಹೊದಿಸಿ ಒಲೆಯ ಮುಂದಿನಿಂದ ಅವಳನ್ನು ಯಾರೂ ಎಬ್ಬಿಸಲಿಲ್ಲ. ಇಲ್ಲಿನ ಸಂಘದಲ್ಲಿ ಅವಳ ವಯಸ್ಸಿನ ಹೆಂಗಸರು ನಾಟಕದ ತಾಲೀಮು ಮಾಡುವುದನ್ನು ಕಂಡಾಗ ನನಗೆ ಗಂಟಲು ಕಟ್ಟುತ್ತದೆ.

ಕಾರ ಹುಣ್ಣಿಮೆಗೆ ಊರಿಗೆ ಹೋಗಿದ್ದೆ. ಬಸ್ಸಿಳಿದೊಡನೆ ಹುಡುಗನೊಬ್ಬ, “ಯಾರ ಪೈಕಿ ನೀವು?” ಎಂದು ಕೇಳಿದ. “ಮಾಸ್ತರರ ಮಗ” ಎಂದೆ. ಮರುಮಾತಿಲ್ಲದೆ ನನ್ನ ಚೀಲ ಎತ್ತಿಕೊಂಡ. 31 ವರ್ಷಗಳ ನನ್ನ ಹುದ್ದೆಯ ಹೆಸರು ಅಲ್ಲಿ ಬೇಕಾಗಲೇ ಇಲ್ಲ. ಆದರೆ ಆ ಮರ್ಯಾದೆ ಅಪ್ಪ ದುಡಿದು ಗಳಿಸಿದ್ದು, ನನ್ನದಲ್ಲ. ಇಷ್ಟು ವರ್ಷ ಹೊರಗಿದ್ದವನಿಗೆ ಕಟ್ಟೆ ತಾನಾಗಿ ಜಾಗ ಬಿಡುವುದಿಲ್ಲ, ಬಿಡಲೂ ಬಾರದು. ಅರ್ಜಿಗಳನ್ನು ಈಗ ಆ ಹುಡುಗನೇ ಮೊಬೈಲಿನಲ್ಲಿ ತುಂಬುತ್ತಾನೆ, ನನಗಿಂತ ಬೇಗ.

ಆ ಸಲ ಸೊಸೈಟಿಯ ಕಾರ್ಯದರ್ಶಿ ಲೆಕ್ಕ ತಪಾಸಣೆಯ ಆಕ್ಷೇಪಣೆಗಳನ್ನು ಮುಂದಿಟ್ಟು, “ಒಂದಿಷ್ಟು ನೋಡಿಕೊಡಿ ಕಾಕಾ” ಎಂದ. 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿ ದೇಶಕ್ಕೇ ದಾರಿ ತೋರಿಸಿದ ಕಣಗಿನಹಾಳ ನಮ್ಮ ತಾಲ್ಲೂಕಿನದೇ. ಅಂಥ ನೆಲದಲ್ಲಿ ಹುಟ್ಟಿ, ಬದುಕಿಡೀ ಲೆಕ್ಕ ಬರೆದ ನಾನು ಊರ ಸೊಸೈಟಿಯ ಕಿರ್ದಿಯನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಮೂರು ದಿನ ಕೂತೆ. ಊಟದ ಹೊತ್ತು ಮೀರಿದ್ದೂ ಗೊತ್ತಾಗಲಿಲ್ಲ.

ನನ್ನ ಹೆಂಡತಿಗೆ ಪುಣೆ ಬಿಡುವ ಮನಸ್ಸಿಲ್ಲ. ಅವಳ ಭಜನಾ ಮಂಡಳಿ, ಗೆಳತಿಯರು ಎಲ್ಲ ಇಲ್ಲೇ ಇದ್ದಾರೆ. ನನ್ನ ಕಟ್ಟೆಗೆ ಚಹಾ ಕಾಯಿಸಲು ಅವಳನ್ನು ಕರೆದೊಯ್ಯುವ ಹಕ್ಕು ನನಗಿಲ್ಲ. ಎರಡು ತಿಂಗಳಿಗೊಮ್ಮೆ ಐದು ದಿನ ನಾನೊಬ್ಬನೇ ಹೋಗಿ ಬರುವುದು, ನಿವೃತ್ತಿಯ ನಂತರ ಅದನ್ನು ಹೆಚ್ಚಿಸುವುದು ಎಂದು ಇಬ್ಬರೂ ಕೂತು ತೀರ್ಮಾನಿಸಿದ್ದೇವೆ. ಬರುವ ಶುಕ್ರವಾರ ಸೊಲ್ಲಾಪುರ, ವಿಜಯಪುರ ದಾರಿಯ ರೈಲಿಗೆ ಟಿಕೆಟ್ ಆಗಿದೆ. ಹಿಂದಿನ ಮೂರು ವರ್ಷದ ಖತಾವಣಿ ತೆಗೆದಿಡಲು ಕಾರ್ಯದರ್ಶಿಗೆ ಹೇಳಿದ್ದೇನೆ.