ಕುರ್ಚಿ ಮೇಲಿನ ಕೋಟು

ನಾನು ನಿವೃತ್ತನಾಗಿ 12 ವರ್ಷವಾಯಿತು. ನನ್ನ ಹೆಬ್ಬೆಟ್ಟು ಮಾತ್ರ ಇನ್ನೂ ಸೇವೆಯಲ್ಲಿತ್ತು. ಈ ನವೆಂಬರಿನಲ್ಲಿ ಅದೂ ನಿವೃತ್ತಿಯಾಯಿತು. ಹಾರವಿಲ್ಲ, ಶಾಲಿಲ್ಲ, ಗೋಡೆ ಗಡಿಯಾರ ಕೊಡುವ ಶಾಸ್ತ್ರವಿಲ್ಲ. ಬ್ಯಾಂಕಿನ ಕೌಂಟರಿನ ಮೇಲಿದ್ದ ಪುಟ್ಟ ಯಂತ್ರ ‘ಈ ಬೆರಳು ಯಾರದೋ ಗೊತ್ತಿಲ್ಲ’ ಅನ್ನುವ ಹಾಗೆ ಮಿನುಗಿ ಸುಮ್ಮನಾಯಿತು, ಅಷ್ಟೇ.

“ಇನ್ನೊಂದು ಬೆರಳು ಇಡಿ ಅಂಕಲ್,” ಅಂದಳು ಕೌಂಟರಿನ ಹುಡುಗಿ.

ಇಟ್ಟೆ.

“ಒರೆಸ್ಕೊಂಡು ಇಡಿ.”

ಅಂಗಿಗೆ ಒರೆಸಿ ಇಟ್ಟೆ.

“ತಲೆಕೂದಲಿಗೆ ಸ್ವಲ್ಪ ಉಜ್ಜಿ ಇಡಿ, ಎಣ್ಣೆ ಪಸೆ ಬಂದ್ರೆ ತಗೊಳ್ಳತ್ತೆ...” ಅಂದವಳು ನನ್ನ ತಲೆ ನೋಡಿ ಮಾತು ನಿಲ್ಲಿಸಿದಳು. ಒಳ್ಳೇ ಹುಡುಗಿ.

ಹತ್ತು ಬೆರಳೂ ಮುಗಿದವು. ಹಿಂದೆ ನಿಂತಿದ್ದ ಹಿರಿಯರೊಬ್ಬರು “ಕಾಲ್ಬೆರಳು ಇಟ್ಟು ನೋಡಿ” ಅಂದರು. ತಮಾಷೆಗೆ ಅಂದರೋ ನಿಜವಾಗಿ ಸಲಹೆ ಕೊಟ್ಟರೋ ಗೊತ್ತಾಗಲಿಲ್ಲ. ನಮ್ಮ ವಯಸ್ಸಿನಲ್ಲಿ ಎರಡಕ್ಕೂ ಒಂದೇ ಮುಖ.

ವಯಸ್ಸಾದ ಹಾಗೆ ಬೆರಳಿನ ಗೆರೆಗಳು ಸವೆಯುತ್ತವಂತೆ, ಚರ್ಮ ಒಣಗುತ್ತದಂತೆ. ಗಾರೆ ಕೆಲಸದವರದು, ಪಾತ್ರೆ ತೊಳೆಯುವವರದು ಇನ್ನೂ ಬೇಗ. ಮನೆಗೆ ಬಂದು ಹೇಳಿದೆ. “ನೀವು ಏನು ಕೆಲಸ ಮಾಡಿ ಸವೆಸಿದ್ರಿ?” ಅಂತ ಹೆಂಡತಿ ಕೇಳಿದಳು. “35 ವರ್ಷ ಫೈಲು ತಿರುವಿ ಹಾಕಿದ್ದೀನಲ್ಲೇ” ಅಂದೆ. “ತಿರುವಿ ಹಾಕಿದ್ರೆ ಬೆರಳು ಸವೆಯೋದು ಸರಿ. ನೀವು ಅದರ ಮೇಲೆ ಕೂತಿದ್ರಿ” ಅಂದಳು. ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಇರುವುದು ಒಂದು ಮೇಲ್ಮನವಿ, ಅದನ್ನೂ ಅವಳ ಮುಂದೆಯೇ ಸಲ್ಲಿಸಬೇಕು.

ವಿಷಯ ಇಷ್ಟೇ. ಕೇಂದ್ರ ಸರಕಾರದ ಪಿಂಚಣಿ ತಗೊಳ್ಳುವವನು ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ‘ನಾನಿನ್ನೂ ಇದ್ದೇನೆ’ ಅಂತ ಸಾಬೀತು ಮಾಡಬೇಕು. 80 ದಾಟಿದವರಿಗೆ ಒಂದು ತಿಂಗಳು ಮುಂಚೆ, ಅಕ್ಟೋಬರ್ 1ರಿಂದಲೇ ಬಾಗಿಲು ತೆರೆಯುತ್ತದೆ. ನವೆಂಬರ್ ತನಕ ಕಾಯಿಸಿದರೆ ಏನಾಗುತ್ತೋ ಅನ್ನುವ ಕಾಳಜಿ ಇರಬೇಕು. ಹಿಂದೆ ಕಾಗದ ಹಿಡಿದು ಗೆಜೆಟೆಡ್ ಅಧಿಕಾರಿಯ ಹಸಿರು ಶಾಯಿಗಾಗಿ ಅಲೆಯಬೇಕಿತ್ತು. 2014ರ ನವೆಂಬರ್ 10ರಂದು ‘ಜೀವನ್ ಪ್ರಮಾಣ್’ ಶುರುವಾಯಿತು. ಆಧಾರ್ ನಂಬರ್ ಹೇಳಿ, ಬೆರಳು ಒತ್ತಿ, ಮನೆಗೆ ಹೋಗಿ. ಒಳ್ಳೇ ಯೋಜನೆಯೇ, ಸುಳ್ಳು ಹೇಳಬಾರದು. ಆದರೆ ಮುದುಕರಿಗಾಗಿ ಮಾಡಿದ ಯೋಜನೆಗೆ ಮುದುಕರಲ್ಲಿ ಮೊದಲು ಸವೆಯುವ ವಸ್ತುವನ್ನೇ ಬೀಗದ ಕೈ ಮಾಡಿದ ಪುಣ್ಯಾತ್ಮ ಯಾರೋ, ಅವನಿಗೂ ಒಂದು ದಿನ ವಯಸ್ಸಾಗುತ್ತೆ ಅಲ್ವಾ.

ಇನ್ನೊಂದು ಕಡೆ ನೋಡಿ. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ಸತ್ತರೆ 21 ದಿನದೊಳಗೆ ತಿಳಿಸಬೇಕು. ಒಂದೇ ಸಲ ತಿಳಿಸಿದರೆ ಸಾಕು, ಮತ್ತೆ ಯಾರೂ ಕೇಳುವುದಿಲ್ಲ. ‘ಈ ವರ್ಷವೂ ಸತ್ತಿದ್ದಾರಾ?’ ಅಂತ ಯಾವ ಕಚೇರಿಯೂ ನವೆಂಬರಿನಲ್ಲಿ ಪತ್ರ ಬರೆಯುವುದಿಲ್ಲ. ಬದುಕಿರುವ ತಪ್ಪಿಗೆ ಮಾತ್ರ ವಾರ್ಷಿಕ ನವೀಕರಣ. ಸತ್ತವರ ಪರವಾಗಿ ದೃಢೀಕರಣ ಮಾಡುವ ಅಧಿಕಾರಿ ನಮ್ಮಲ್ಲಿ ಕಾಗೆ. ಪಿಂಡ ಮುಟ್ಟಿತೋ, ಕೆಲಸ ಮುಗಿಯಿತು. ಆಧಾರ್ ಕೇಳುವುದಿಲ್ಲ, ಜೆರಾಕ್ಸ್ ಕೇಳುವುದಿಲ್ಲ. ಅದೂ ಕೆಲವೊಮ್ಮೆ ಕಾಯಿಸುತ್ತದೆ, ನಿಜ. ಆದರೆ ‘ಸರ್ವರ್ ಡೌನ್’ ಅನ್ನುವುದಿಲ್ಲ.

ಈಗ ಕೋಟಿನ ವಿಷಯಕ್ಕೆ ಬರುತ್ತೇನೆ. ಬೆರಳು ಕೈಕೊಟ್ಟ ಮೇಲೆ ಹುಡುಗಿಯೇ ದಾರಿ ತೋರಿಸಿದಳು. “ಪೇಪರ್ ಫಾರಂ ತುಂಬಿ ಅಂಕಲ್, ಸರ್ ಸಹಿ ಹಾಕಿದ್ರೆ ಆಯ್ತು.” ತುಂಬಿದೆ. ಸರ್ ಅವರ ಗಾಜಿನ ಕೋಣೆಗೆ ಹೋದೆ. ಫ್ಯಾನ್ ತಿರುಗುತ್ತಿತ್ತು. ಮೇಜಿನ ಮೇಲೆ ಕನ್ನಡಕ ತೆರೆದಿಟ್ಟಿತ್ತು. ಕುರ್ಚಿಯ ಬೆನ್ನಿಗೆ ಒಂದು ಕೋಟು. ಸರ್ ಇರಲಿಲ್ಲ.

“ಸರ್ ಬಂದಿಲ್ವಾ?” ಅಂತ ಹೊರಗೆ ಕೂತಿದ್ದವನನ್ನು ಕೇಳಿದೆ.

“ಬಂದಿದ್ದಾರಲ್ಲ, ಕೋಟು ಕಾಣಲ್ವಾ?” ಅಂದ.

ಅರ್ಧ ಗಂಟೆ ಕೋಟಿನ ಎದುರು ಕೂತಿದ್ದೆ. ಕೂತವನಿಗೆ ಯೋಚನೆ ಬರುವುದು ಸಹಜ. ನಾನು 68 ಕಿಲೋ ತೂಕದ ದೇಹವನ್ನು, ಎರಡು ನೋಯುವ ಮಂಡಿ ಸಮೇತ, ಖುದ್ದಾಗಿ ತಂದು ಕೂರಿಸಿದ್ದೇನೆ. ಉಸಿರಾಡುತ್ತಿದ್ದೇನೆ, ಕೆಮ್ಮುತ್ತಿದ್ದೇನೆ, ಒಮ್ಮೆ ಜೋರಾಗಿ ಸೀನಿಯೂ ತೋರಿಸಿದೆ. ಆದರೂ ನಾನು ಇದ್ದೇನೆ ಅನ್ನುವುದಕ್ಕೆ ಪುರಾವೆ ಸಾಲದು. ಆ ಮನುಷ್ಯ ಇಡೀ ಕಟ್ಟಡದಲ್ಲೇ ಇಲ್ಲ, ಬರೀ ಅರ್ಧ ಮೀಟರ್ ಬಟ್ಟೆ ನೇತುಹಾಕಿ ಹೋಗಿದ್ದಾನೆ, ಅವನು ‘ಇದ್ದಾನೆ’ ಅನ್ನುವುದರಲ್ಲಿ ಕಟ್ಟಡದಲ್ಲಿ ಒಬ್ಬರಿಗೂ ಅನುಮಾನವಿಲ್ಲ.

ಸಿಟ್ಟು ಬಂತು. ಆದರೆ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಯಾಕೆ ಅಂದರೆ ನನ್ನ ಬಳಿಯೂ ಒಂದು ಕೋಟಿತ್ತು.

ಬೂದು ಬಣ್ಣದ್ದು. ಮದುವೆಯಲ್ಲಿ ಮಾವನವರು ಕೊಡಿಸಿದ್ದು. ಮದುವೆ ದಿನ ಬಿಟ್ಟರೆ ನಾನು ಅದನ್ನು ಮೈಗೆ ಹಾಕಿದ್ದು ಕಡಿಮೆ, ಕುರ್ಚಿಗೆ ಹಾಕಿದ್ದೇ ಜಾಸ್ತಿ. ಬೆಳಿಗ್ಗೆ ಹೋಗುವುದು, ಕೋಟು ಹಾಕುವುದು, ಒಂದು ಫೈಲು ತೆರೆದಿಡುವುದು, ಪೆನ್ನಿನ ಮುಚ್ಚಳ ತೆಗೆದು ಪಕ್ಕದಲ್ಲಿಡುವುದು. ಈ ಪೆನ್ನಿನ ಮುಚ್ಚಳ ಮುಖ್ಯ, ನೋಡಿದವರಿಗೆ ‘ಈಗಷ್ಟೇ ಎದ್ದು ಹೋದರು’ ಅನ್ನಿಸಬೇಕು. ಆಮೇಲೆ ಕಾಫಿಗೆ ಹೋದರೆ ಕರೆಂಟ್ ಬಿಲ್ಲು, ಮಗನ ಸ್ಕೂಲ್ ಫೀಸು, ತರಕಾರಿ ಎಲ್ಲ ಮುಗಿಸಿ ಬರುತ್ತಿದ್ದೆ. ನನ್ನ ಕೋಟಿನ ಮೇಲೆ 35 ವರ್ಷದಲ್ಲಿ ಒಂದು ದೂರೂ ಬರಲಿಲ್ಲ. ನನ್ನ ಮೇಲೆ ಮೂರು ಬಂದವು. ಬಡ್ತಿ ಯಾರಿಗೆ ಸಿಗಬೇಕಿತ್ತು ಅಂತ ನೀವೇ ಹೇಳಿ.

ಅದೇ 2014ರಲ್ಲಿ ಕೇಂದ್ರ ಸರಕಾರದ ಕಚೇರಿಗಳಿಗೆ ಆಧಾರ್ ಆಧಾರಿತ ಹಾಜರಿಯೂ ಬಂತು. ನನ್ನ ಕಿರಿಯ ಸಹೋದ್ಯೋಗಿಗಳೆಲ್ಲ ಕೋಟಿನ ಕಾಲ ಮುಗಿಯಿತು ಅಂತ ಗಾಬರಿಯಾದರು. ಏನೂ ಆಗಲಿಲ್ಲ. ಬೆಳಿಗ್ಗೆ ಬೆರಳು ಒತ್ತು, ಕೋಟು ಹಾಕು, ಹೋಗು. ಸಂಜೆ ಬಾ, ಬೆರಳು ಒತ್ತು, ಕೋಟು ತಗೋ, ಹೋಗು. ಯಂತ್ರಕ್ಕೆ ಬೆರಳು, ಜನಕ್ಕೆ ಕೋಟು. ನಡುವಿನ ಏಳೆಂಟು ಗಂಟೆಯನ್ನು ಅಳೆಯುವ ಯಂತ್ರ ಇನ್ನೂ ಬಂದಿಲ್ಲ.

ಅಂತೂ ಸರ್ ಬರಲಿಲ್ಲ. “ನಾಳೆ ಬನ್ನಿ” ಅಂದರು.

ನಾಳೆ ಬಾ! ನಮ್ಮ ಕಡೆ ಮನೆಬಾಗಿಲ ಮೇಲೆ ಸುಣ್ಣದಲ್ಲೋ ಇದ್ದಿಲಿನಲ್ಲೋ ಹೀಗೆ ಬರೆಯುತ್ತಿದ್ದರು, ನೆನಪಿದೆಯಾ? ರಾತ್ರಿ ದೆವ್ವ ಬರುತ್ತೆ, ಓದಿಕೊಂಡು ವಾಪಸ್ ಹೋಗುತ್ತೆ. ಮಾರನೇ ದಿನ ಬರುತ್ತೆ, ಮತ್ತೆ ಓದಿಕೊಂಡು ಹೋಗುತ್ತೆ. ದೆವ್ವಕ್ಕೆ ಕನ್ನಡ ಬರುತ್ತೆ, ಆದರೆ ನಿನ್ನೆ ಬಂದಿದ್ದು ನೆನಪಿರುವುದಿಲ್ಲ ಅನ್ನುವುದು ಇದರ ಲೆಕ್ಕಾಚಾರ. ಊರಿನ ಮನೆಗಳಿಂದ ಆ ಬರಹ ಅಳಿಸಿ ಹೋಗಿರಬಹುದು. ಕಚೇರಿಗಳಲ್ಲಿ ಮಾತ್ರ ಬಾಯಿಪಾಠವಾಗಿ ಉಳಿದಿದೆ. ಕೌಂಟರಿನ ಆ ಕಡೆ ಇದ್ದಾಗ ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಹಾಗೆ ಹೇಳಿಸಿಕೊಂಡವನು ದೆವ್ವದ ಪಾತ್ರದಲ್ಲಿದ್ದಾನೆ ಅಂತ ಗೊತ್ತಾಗಲು ನಾನು ಈ ಕಡೆ ಬಂದು ನಿಲ್ಲಬೇಕಾಯಿತು.

ನಮ್ಮ ರಾಜ್ಯದಲ್ಲಿ ಇದಕ್ಕೂ ಒಂದು ಕಾಯ್ದೆ ಇದೆ, ಸಕಾಲ. 2011ರ ಕಾಯ್ದೆ, 2012ರಲ್ಲಿ ಜಾರಿಗೆ ಬಂತು. ಘೋಷಣೆಯೇ ‘ಇಂದು ನಾಳೆ ಇನ್ನಿಲ್ಲ’ ಅಂತ. ಹೇಳಿದ ದಿನಕ್ಕೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿ ಪರಿಹಾರ ಕೇಳಬಹುದು, ಹೆಚ್ಚೆಂದರೆ 500 ರೂಪಾಯಿ. ನಾನು ಗುಮಾಸ್ತನಾಗಿಯೇ ಸೇವೆ ಶುರುಮಾಡಿದವನು, ಕೂಡಲೇ ಲೆಕ್ಕ ಹಾಕಿದೆ. 25 ದಿನಕ್ಕೆ 500 ಮುಗಿಯುತ್ತದೆ. ಆಮೇಲಿನ ವಿಳಂಬ ಸಂಪೂರ್ಣ ಉಚಿತ. ಹೋದ ವರ್ಷ ಒಂದು ಕಚೇರಿಯಲ್ಲಿ ಇದನ್ನು ಹೇಳಿ ಸ್ವಲ್ಪ ಗತ್ತು ತೋರಿಸಿದೆ. ಆ ಕೇಸ್ ವರ್ಕರ್ ಕೋಪ ಮಾಡಿಕೊಳ್ಳಲಿಲ್ಲ. ಬಹಳ ಮರ್ಯಾದೆಯಿಂದ “ಅರ್ಜಿಯೇ ಇನ್ನೂ ಸ್ವೀಕಾರ ಆಗಿಲ್ವಲ್ಲ ಸಾರ್, ಒಂದು ದಾಖಲೆ ಕಮ್ಮಿ ಇದೆ” ಅಂದ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿ ಗುಡಿ ಬಾಗಿಲನ್ನೇ ತೆಗೆದಿಲ್ಲ.

ಆದರೆ ಬೆರಳಿನ ವಿಷಯದಲ್ಲಿ ಅವರಿಗೂ ಕಷ್ಟ ಇದೆ, ಪಾಪ. ಲೋಕಾಯುಕ್ತದವರು ಬಲೆ ಬೀಸುವಾಗ ನೋಟಿಗೆ ಫಿನಾಫ್ತಲೀನ್ ಪುಡಿ ಹಚ್ಚಿರುತ್ತಾರೆ. ಸಾಹೇಬರು ನೋಟು ಎಣಿಸಿ ಜೇಬಿಗಿಟ್ಟ ಮೇಲೆ ಕೈಯನ್ನು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಅದ್ದಿಸುತ್ತಾರೆ. ನೀರು ಗುಲಾಬಿ ಬಣ್ಣ. ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ನಾವೆಲ್ಲ ನೋಡಿದ್ದೇ. ಜೀವಮಾನವಿಡೀ ಫೈಲಿನ ಮೇಲೆ ಒಂದು ಬೆರಳಚ್ಚೂ ಬೀಳದ ಹಾಗೆ ನೋಡಿಕೊಂಡವರಿಗೆ ಒಂದು ಲೋಟ ನೀರಿನಲ್ಲಿ ಹತ್ತೂ ಬೆರಳು ಒಟ್ಟಿಗೆ ಹೊಂದಿಕೆಯಾಗಿಬಿಡುತ್ತವೆ. ಮೊದಲನೇ ಪ್ರಯತ್ನದಲ್ಲೇ. ತಲೆಗೆ ಉಜ್ಜುವ ಅಗತ್ಯವೂ ಇಲ್ಲ. ಆಮೇಲೆ ಎದೆನೋವು ಬರುತ್ತೆ, ಅಮಾನತು ಬರುತ್ತೆ, ಸ್ವಲ್ಪ ದಿನಕ್ಕೆ ಹೊಸ ಜಾಗವೂ ಬರುತ್ತೆ. ಹೊಸ ಕುರ್ಚಿ, ಹಳೇ ಕೋಟು.

ನನ್ನ ಕಷ್ಟ ದೊಡ್ಡದು ಅಂತ ಅಳುವ ಹಾಗೂ ಇಲ್ಲ. ಉತ್ತರ ಪ್ರದೇಶದ ಆಜಂಗಢದ ಕಡೆ ಲಾಲ್ ಬಿಹಾರಿ ಅಂತ ಒಬ್ಬರಿದ್ದಾರೆ. ಜಮೀನಿನ ಆಸೆಗೆ ನೆಂಟರೇ ಕಂದಾಯ ದಾಖಲೆಯಲ್ಲಿ ಅವರನ್ನು ಸಾಯಿಸಿಬಿಟ್ಟಿದ್ದರು. 1975ರಿಂದ 1994ರವರೆಗೆ ಕಾಗದದ ಪ್ರಕಾರ ಆ ಮನುಷ್ಯ ಸತ್ತಿದ್ದ. ಸುಮ್ನೆ ಕೂರಲಿಲ್ಲ. ಹೆಸರಿನ ಮುಂದೆ ‘ಮೃತಕ್’ ಅಂತ ಸೇರಿಸಿಕೊಂಡರು, ತನ್ನಂಥವರದೇ ಒಂದು ಮೃತಕ ಸಂಘ ಕಟ್ಟಿದರು, ರಾಜೀವ್ ಗಾಂಧಿ ಎದುರು ಚುನಾವಣೆಗೂ ನಿಂತರು. 2003ರಲ್ಲಿ ಅವರಿಗೆ ಇಗ್ ನೊಬೆಲ್ ಶಾಂತಿ ಪ್ರಶಸ್ತಿ ಕೊಟ್ಟರು, ನೊಬೆಲ್ಲನ್ನು ಅಣಕಿಸಿ ಅಮೆರಿಕದಲ್ಲಿ ಕೊಡುವ ತಮಾಷೆಯ ಪ್ರಶಸ್ತಿ ಅದು. ಪಾಸ್‌ಪೋರ್ಟ್ ಸಿಕ್ಕಿತು, ಆದರೆ ಅಮೆರಿಕದವರು ಒಳಗೆ ಬಿಡಲಿಲ್ಲ. ನಮ್ಮ ಕಚೇರಿಯವರು 19 ವರ್ಷ ತಗೊಂಡು ಬದುಕಿಸಿದವರನ್ನು ಅವರು ಬಾಗಿಲಲ್ಲೇ ‘ನಾಳೆ ಬಾ’ ಅಂದರು. ಈ ಒಂದು ವಿಷಯದಲ್ಲಿ ಜಗತ್ತೆಲ್ಲ ಒಂದೇ ಊರು.

ನನ್ನನ್ನು ಯಾರೂ ಸಾಯಿಸಿಲ್ಲ, ನಿಧಾನಕ್ಕೆ ಅಳಿಸುತ್ತಿದ್ದಾರೆ ಅಷ್ಟೇ. ಮೊದಲು ಬೆರಳಿನ ಗೆರೆ. ಆಮೇಲೆ ಮಾತು. ಡಾಕ್ಟರ ಬಳಿ ಹೋದರೆ “ಇವರಿಗೆ ಊಟ ಸೇರುತ್ತಾ?” ಅಂತ ಮಗನನ್ನು ಕೇಳುತ್ತಾರೆ. ನಾನು ಪಕ್ಕದಲ್ಲೇ ಕೂತಿದ್ದೇನೆ, ಊಟ ಮಾಡುವ ಬಾಯಿ ನನ್ನದೇ. ಅಂಗಡಿಯಲ್ಲಿ ಅಂಕಲ್ ಆಗಿದ್ದವನು ಯಾವ ಸೂಚನೆಯೂ ಇಲ್ಲದೆ ತಾತ ಆದೆ. ಬಸ್ಸಿನಲ್ಲಿ 60 ದಾಟಿದವರಿಗೆ ಶೇ 25 ರಿಯಾಯಿತಿ ಇದೆ, ಅದಕ್ಕೆ ಕಾರ್ಡ್ ತೋರಿಸಿ ಅನ್ನುತ್ತಾರೆ. ಬ್ಯಾಂಕಿನಲ್ಲಿ ಬದುಕಿದ್ದೀಯಾ ಅನ್ನುವ ಅನುಮಾನ, ಬಸ್ಸಿನಲ್ಲಿ ಮುದುಕ ಹೌದೋ ಅನ್ನುವ ಅನುಮಾನ. ಹೆಂಡತಿಗೆ 2023ರ ಜೂನ್‌ನಿಂದ ಟಿಕೆಟ್ಟಿಗೆ ದುಡ್ಡೇ ಇಲ್ಲ. “ನಾನು ಮುಂದಿನ ಬಾಗಿಲಲ್ಲಿ ಹತ್ತುತೀನಿ ರೀ, ನೀವು ಸಾಬೀತು ಮಾಡ್ಕೊಂಡು ಬನ್ನಿ” ಅಂತ ಹೋಗಿ ಕಿಟಕಿ ಪಕ್ಕ ಕೂರುತ್ತಾಳೆ. ಓಟಿಪಿ ಕಥೆಯಂತೂ ಬೇಡ. ಕನ್ನಡಕ ಹುಡುಕಿ, ಹಾಕಿ, ಓದಿ, ಮೂರನೇ ಅಂಕಿ ಒತ್ತುವಷ್ಟರಲ್ಲಿ ಅದರ ಆಯುಷ್ಯ ಮುಗಿದಿರುತ್ತದೆ. ನನಗಿಂತ ಬೇಗ ಹೋಗುವುದು ಈಗ ಅದೊಂದೇ.

ಆದರೂ ಬದುಕುವ ಆಸೆ ಬಿಟ್ಟಿಲ್ಲ. ಕಾರಣ ಇದೆ. 80 ಆದರೆ ಮೂಲ ಪಿಂಚಣಿಯ ಶೇ 20 ಹೆಚ್ಚುವರಿ. 100 ಆದರೆ ಶೇ 100. ಆ ದಿನದ ಬಗ್ಗೆ ನನ್ನ ಹತ್ತಿರ ಯೋಜನೆ ಸಿದ್ಧವಿದೆ, ಆದರೆ ಅಷ್ಟು ಹೊತ್ತಿಗೆ ಬೆರಳಿಗೆ ಹೋಗಲಿ, ಮುಖಕ್ಕಾದರೂ ಗೆರೆ ಉಳಿದಿರಬೇಕು.

ಮುಖ ಅಂದೆನಲ್ಲ. 2021ರಿಂದ ಬೆರಳು ಬೇಡ, ಮೊಬೈಲಿನಲ್ಲಿ ಮುಖ ತೋರಿಸಿದರೂ ಆಗುತ್ತೆ. ಬ್ಯಾಂಕಿಗೆ ಮೂರು ಸಲ ಅಲೆದ ಮೇಲೆ ಇದನ್ನು ಹೇಳಿದ್ದು ಬ್ಯಾಂಕಿನವರಲ್ಲ, ನನ್ನ ಮೊಮ್ಮಗಳು. ಮೂರು ಸಲವೂ ಕೋಟು ಸೀಟಿನಲ್ಲಿತ್ತು, ಅದನ್ನು ಹೇಳಬೇಕು.

ಭಾನುವಾರ ಕಿಟಕಿ ಬಳಿ ಕೂರಿಸಿದಳು. “ತಾತ, ಕಣ್ಣು ಮಿಟುಕಿಸಿ.” ಮಿಟುಕಿಸಿದೆ. ಆಗಲಿಲ್ಲ. “ಇಷ್ಟು ನಿಧಾನಕ್ಕಲ್ಲ, ನಿದ್ದೆ ಬಂದ ಹಾಗಿದೆ.” ಬೇಗ ಮಿಟುಕಿಸಿದೆ. “ತಾತ, ಯಾರಿಗೋ ಕಣ್ಣು ಹೊಡೆದ ಹಾಗಿದೆ.” ಅಡುಗೆಮನೆಯಿಂದ ಹೆಂಡತಿ ಇಣುಕಿ ನೋಡಿ ಹೋದಳು. 72ನೇ ವಯಸ್ಸಿನಲ್ಲಿ, ಸರಕಾರದ ಆದೇಶದ ಮೇರೆಗೆ, ಒಂದು ಗಂಟೆ ಕಣ್ಣು ಮಿಟುಕಿಸಿದೆ. ಮೊಬೈಲಿಗೆ ನಂಬಿಕೆ ಬರಲಿಲ್ಲ.

“ಬನಿಯನ್‌ನಲ್ಲಿ ಕೂತ್ರೆ ಡಲ್ ಆಗಿ ಕಾಣ್ತೀರಾ ತಾತ. ಏನಾದ್ರೂ ಒಳ್ಳೇದು ಹಾಕ್ಕೊಳ್ಳಿ” ಅಂದಳು. ಬೀರು ತೆಗೆದು ತಾನೇ ಹುಡುಕಿ ತಂದಳು. ಬೂದು ಬಣ್ಣದ್ದು. ನುಸಿಗುಳಿಗೆ ವಾಸನೆ. ಹೊಟ್ಟೆ ಹತ್ತಿರ ಗುಂಡಿ ಕೂರಲಿಲ್ಲ, ಭುಜಕ್ಕೆ ಮಾತ್ರ ಸರಿಯಾಗಿ ಕೂತಿತು. ಕುರ್ಚಿಯ ಬೆನ್ನೂ ನನ್ನ ಬೆನ್ನೂ ಒಂದೇ ಅಳತೆಗೆ ಬಂದಿದ್ದವೋ ಏನೋ.

ಒಂದೇ ಸಲ ಮಿಟುಕಿಸಿದೆ. ಟಿಂಗ್ ಅಂತು. ಮುಂದಿನ ನವೆಂಬರ್ ತನಕ ನಾನು ಬದುಕಿದ್ದೇನೆ.

ಮೊಮ್ಮಗಳು ಮೊಬೈಲ್ ಹಿಡಿದು ಅಜ್ಜಿಗೆ ತೋರಿಸಲು ಓಡಿದಳು. ನಾನು ಕೋಟು ಕಳಚಿ, ಕುರ್ಚಿಯ ಬೆನ್ನಿಗೆ ಹಾಕಿ, ಪೇಪರು ಬಿಡಿಸಿಟ್ಟು, ಕನ್ನಡಕವನ್ನು ಅದರ ಮೇಲಿಟ್ಟು, ಸದ್ದಾಗದ ಹಾಗೆ ಕಾಫಿಗೆ ಹೊರಟೆ.